ಒಂದು ಕಿಟಕಿ, ಒಂದು ಕಡಪ ಕಲ್ಲು: ಬೆಂಗಳೂರಿನಲ್ಲಿ ಫೋಟೋ ತೆಗೆದು ಬದುಕುವ ಬಗೆ

ಬೆಂಗಳೂರಿನಲ್ಲಿ ಹೊಸದಾಗಿ ಫೋಟೋಗ್ರಫಿಗೆ ಇಳಿದವರ ಮನೆ ಬಾಡಿಗೆ ಹುಟ್ಟುವುದು ದೋಸೆ, ಉಪ್ಪಿನಕಾಯಿ ಬಾಟಲಿ, ಸೋಪು, ಬೆಳ್ಳಿ ಜುಮಕಿಗಳಿಂದ. ಸಣ್ಣ ಹೋಟೆಲಿನ ಮೆನು, ಮನೆಯಲ್ಲೇ ತಯಾರಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರ ಸರಕು, ಹೀಗೆ ಬರುವ ಕೆಲಸಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ನಾನು ಬಳಸುವುದು ಬಾಡಿಗೆ ಮನೆಯ ಹಾಲ್, ಅದರಲ್ಲಿರುವ ನಾಲ್ಕಡಿ ಅಗಲದ ಒಂದು ಕಿಟಕಿ. ಫ್ಲ್ಯಾಶ್ ಕೊಳ್ಳುವ ಮೊದಲು ಆ ಕಿಟಕಿಯನ್ನು ವರ್ಷಪೂರ್ತಿ ಓದಿಕೊಳ್ಳುವುದು ಲಾಭ.

ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಬರುವುದಿಲ್ಲ, ದಿನವಿಡೀ ಮೆದು ಬೆಳಕಿರುತ್ತದೆ ಎಂದು ಪುಸ್ತಕ, ವಿಡಿಯೋಗಳೆಲ್ಲ ಹೇಳುತ್ತವೆ. ಅದು ಯುರೋಪು, ಅಮೆರಿಕಕ್ಕೆ ಬಹುಮಟ್ಟಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಇಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರ ತನಕ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಒಂಬತ್ತರವರೆಗೂ ಸಂಜೆ ನಾಲ್ಕರ ಮೇಲೂ ಓರೆಯಾಗಿ ಬಿಸಿಲು ಬೀಳುತ್ತದೆ. ನಡುಹಗಲಿನದನ್ನು ಮಾತ್ರ ಸಜ್ಜಾ ತಡೆಯುತ್ತದೆ. ಹಾಗಾಗಿ ಬೇಸಿಗೆಯ ಶೂಟ್‌ಗಳನ್ನು ಹತ್ತರಿಂದ ಮೂರರ ನಡುವೆ ಇಟ್ಟುಕೊಳ್ಳುತ್ತೇನೆ. ದಕ್ಷಿಣದ ಕಿಟಕಿಯದು ಇದಕ್ಕೆ ತದ್ವಿರುದ್ಧ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ 54 ಡಿಗ್ರಿಯಷ್ಟೇ ಏರುವುದರಿಂದ ಬಿಸಿಲು ಕೋಣೆಯ ಒಳಕ್ಕೇ ಬರುತ್ತದೆ. ಆಗ ಅದಕ್ಕೊಂದು ತೆರೆ ಕಟ್ಟಿದರೆ ಫ್ಲ್ಯಾಶ್ ಬೆಳಕನ್ನು ಮೆದುವಾಗಿಸುವ ದುಬಾರಿ ಸಾಫ್ಟ್‌ಬಾಕ್ಸ್ ಕೊಡುವಂಥ ಬೆಳಕೇ ಸಿಗುತ್ತದೆ.

ತೆರೆಗೆ ನಾನು ಬಳಸುವುದು ಬಿಳಿ ಮಲ್ಲು (ತೆಳು ಹತ್ತಿ ಬಟ್ಟೆ) ಪಂಚೆ. ಒಂದು ಪದರಕ್ಕೆ ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ಕಡಿಮೆಯಾಗುತ್ತದೆ. ನೀಲಿ ಹಾಕಿ ಒಗೆದ ಪಂಚೆ ಬೇಡ. ಅನ್ನ, ಇಡ್ಲಿ, ತೆಂಗಿನ ಚಟ್ನಿಯ ಬಿಳುಪೆಲ್ಲ ಆಸ್ಪತ್ರೆಯ ಬಣ್ಣಕ್ಕೆ ತಿರುಗುತ್ತದೆ. ಪಂಚೆಯನ್ನು ಗಾಜಿಗೆ ಅಂಟಿಸಬಾರದು. ಗ್ರಿಲ್‌ನಿಂದ ಅರ್ಧ ಅಡಿಯಾದರೂ ಈಚೆ ತೂಗುಹಾಕಬೇಕು, ಇಲ್ಲದಿದ್ದರೆ ಕಂಬಿಗಳ ನೆರಳು ಬಟ್ಟೆಯ ಮೇಲೆ ಮೂಡಿ ತಟ್ಟೆಯವರೆಗೂ ಬರುತ್ತದೆ. ಸೊಳ್ಳೆ ಪರದೆಯ ಬಾಗಿಲನ್ನು ಪಕ್ಕಕ್ಕೆ ಸರಿಸಿ. ಅದು ಬೆಳಕು ತಿನ್ನುವುದಷ್ಟೇ ಅಲ್ಲ, ಧೂಳು ಹಿಡಿದಿದ್ದರೆ ಬಣ್ಣವನ್ನೂ ಕೆಡಿಸುತ್ತದೆ. ಬಣ್ಣದ ವಿಷಯದಲ್ಲಿ ನಿಜವಾದ ಶತ್ರು ಎದುರು ಮನೆಯ ಗೋಡೆ. ನಮ್ಮೂರಿನ ಕಟ್ಟಡಗಳ ನಡುವೆ ನಾಲ್ಕಡಿ ಜಾಗವೂ ಇರುವುದಿಲ್ಲವಾದ್ದರಿಂದ ಅವರು ಗೋಡೆಗೆ ಗಿಳಿಹಸಿರು ಬಳಿದರೆ ನಿಮ್ಮ ಮೊಸರನ್ನವೂ ಗಿಳಿಹಸಿರೇ. ಆಮೇಲೆ ಬಣ್ಣ ಸರಿಪಡಿಸಲು ನೆರವಾಗುವ ಬೂದು ಬಣ್ಣದ ಗ್ರೇ ಕಾರ್ಡನ್ನು ತಟ್ಟೆಯ ಜಾಗದಲ್ಲೇ ಇಟ್ಟು ಮೊದಲ ಫ್ರೇಮ್ ತೆಗೆಯಿರಿ. ಮೋಡ ಸರಿದಾಗಲೆಲ್ಲ ಮತ್ತೆ ತೆಗೆಯಿರಿ. ಹಾಲಿನ ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಎಡಿಟಿಂಗ್‌ನಲ್ಲಿ ಬಿಡಿಸಲು ಗಂಟೆಗಟ್ಟಲೆ ಬೇಕು.

ಮೇಜು ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಬೆಳಕು ಪಕ್ಕದಿಂದ ಅಥವಾ ತುಸು ಹಿಂದಿನಿಂದ ಬರುವಂತೆ ಇರಲಿ. ಎದುರು ಬದಿಗೆ ಒಂದು ಇಂಚು ದಪ್ಪದ ಬಿಳಿ ಥರ್ಮೋಕೋಲ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ, ಅದೇ ಜಾಗಕ್ಕೆ ಕಪ್ಪು ಚಾರ್ಟ್ ಪೇಪರ್ ಇಟ್ಟರೆ ಗಾಢವಾಗುತ್ತದೆ. ಉಪ್ಪಿನಕಾಯಿ, ಬೆಲ್ಲ, ಕಂಚಿನ ಸಾಮಾನಿಗೆ ನನ್ನ ಆಯ್ಕೆ ಕಪ್ಪು. ಹೊಸಬರು ಎಲ್ಲಕ್ಕೂ ಬಿಳಿ ಇಟ್ಟು ಎಲ್ಲ ಚಿತ್ರಗಳನ್ನೂ ಒಂದೇ ತರಹ ಸಪ್ಪೆ ಮಾಡುತ್ತಾರೆ.

ಹಿನ್ನೆಲೆಗೆ ಆಮದು ವಿನೈಲ್ ಶೀಟ್‌ಗಳಿವೆ, ಅಮೃತಶಿಲೆಯ ಚಿತ್ರ ಅಚ್ಚಾದವು. ಓರೆ ಬೆಳಕಿನಲ್ಲಿ ಅವು ಹೊಳೆದು ಬಣ್ಣ ಬಯಲಾಗುತ್ತದೆ. ಅದರ ಬದಲು ಮಾರ್ಬಲ್ ಅಂಗಡಿಯಲ್ಲಿ ಕಡಪ ಕಲ್ಲಿನ ತುಂಡು ಕೇಳಿ. ಅಡುಗೆಮನೆಯ ಕಟ್ಟೆಗೆ ಕತ್ತರಿಸಿ ಉಳಿದದ್ದು ಅಗ್ಗಕ್ಕೆ ಸಿಗುತ್ತದೆ. ಪಾಲಿಶ್ ಮಾಡಿದ ಮುಖ ಕನ್ನಡಿಯಂತೆ ಕಿಟಕಿಯನ್ನೇ ತೋರಿಸುವುದರಿಂದ ಹಿಂಬದಿಯ ಒರಟು ಮುಖವನ್ನು ಮೇಲೆ ಮಾಡಿ ಇಡಬೇಕು. ಎರಡಡಿ ಚೌಕದ, 20 ಮಿ.ಮೀ. ದಪ್ಪದ ಕಲ್ಲು ಸುಮಾರು 20 ಕೆಜಿ ತೂಗುತ್ತದೆ. ಸ್ಕೂಟರಿನಲ್ಲಿ ತರುವ ಸಾಹಸ ಬೇಡ, ಆಟೋ ಹಿಡಿಯಿರಿ.

ಈಗ ದೋಸೆ. ಕಾವಲಿಯಿಂದ ಇಳಿದ ದೋಸೆಯ ಗರಿ ನಾಲ್ಕೈದು ನಿಮಿಷದಲ್ಲಿ ಹೋಗುತ್ತದೆ. ಒಳಗಿನ ಪಲ್ಯದ ಹಬೆಯೇ ಅದನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಮೊದಲ ದೋಸೆ ಡಮ್ಮಿ. ಅದನ್ನಿಟ್ಟು ಕೋನ, ಬೆಳಕು, ಫೋಕಸ್, ಚಟ್ನಿ ಬಟ್ಟಲಿನ ಜಾಗ ಎಲ್ಲ ಗಟ್ಟಿ ಮಾಡಿಕೊಂಡ ಮೇಲೆ “ಭಟ್ರೇ, ಈಗ ಹಾಕಿ” ಎನ್ನಬೇಕು. ಎರಡನೆಯದು ಹೀರೋ. ಅದರಲ್ಲಿ ಪಲ್ಯ ಅರ್ಧಕ್ಕಿಂತ ಕಡಿಮೆ ಇರಲಿ, ಮಡಿಕೆಯ ಬಾಯಿ ಕ್ಯಾಮೆರಾದ ಕಡೆಗಿರಲಿ. ಬೆಣ್ಣೆಯನ್ನು ಫ್ರಿಜ್‌ನಿಂದ ನೇರ ತಂದು ಕೊನೆಗೆ ಇಡಿ. ಅದು ಅಂಚಿನಲ್ಲಿ ಕರಗಲು ಶುರುವಾಗಿ ನಡುವೆ ಗಟ್ಟಿಯಿರುವ ಹೊತ್ತು ಒಂದು ನಿಮಿಷವೂ ಇರುವುದಿಲ್ಲ, ಬೇಕಾದ ಚಿತ್ರ ಅದೇ. ಸಾಂಬಾರಿನಲ್ಲಿ ತರಕಾರಿ ಮುಳುಗುತ್ತದೆ. ಬಟ್ಟಲೊಳಗೆ ಸಣ್ಣ ಬಟ್ಟಲೊಂದನ್ನು ಬೋರಲು ಹಾಕಿ ಅದರ ಮೇಲೆ ನುಗ್ಗೆಕಾಯಿ, ಕುಂಬಳಕಾಯಿ ಹೋಳುಗಳನ್ನು ಕೂರಿಸಿ, ಆಮೇಲೆ ರಸ ಸುರಿದರೆ ಸರಿ. ಚಟ್ನಿ ನೀರು ಬಿಡುತ್ತದೆಯಾದ್ದರಿಂದ ಗಟ್ಟಿಯಾಗಿ ರುಬ್ಬಿಸಿ. ಇಡ್ಲಿಗೆ ಒದ್ದೆ ಬಟ್ಟೆ ಮುಚ್ಚಿಟ್ಟು ಕೊನೆಯ ಕ್ಷಣಕ್ಕೆ ತೆಗೆಯಬೇಕು.

ಕ್ಯಾಮೆರಾ ಟ್ರೈಪಾಡಿನ ಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಅಥವಾ 200, ಲೆನ್ಸಿನ ತೆರಪು ಎಫ್/5.6ರಿಂದ ಎಫ್/8 (ಅಂಕಿ ಸಣ್ಣದಾದಷ್ಟೂ ತೆರಪು ದೊಡ್ಡದು). ಶಟರ್ 1/15 ಸೆಕೆಂಡಿಗೆ ಇಳಿದರೂ ಚಿಂತೆಯಿಲ್ಲ, ದೋಸೆ ಅಲುಗಾಡುವುದಿಲ್ಲ. ಎರಡು ಸೆಕೆಂಡಿನ ಟೈಮರ್ ಹಾಕಿ, ಫ್ಯಾನ್ ನಿಲ್ಲಿಸಿ. ಎಫ್/1.8ರಲ್ಲಿ ತೆಗೆದರೆ ದೋಸೆಯ ಒಂದು ಅಂಚು ಮಾತ್ರ ಸ್ಪಷ್ಟವಾಗಿ ಉಳಿದದ್ದೆಲ್ಲ ಮಸುಕಾಗುತ್ತದೆ. ಮೆನು ನೋಡುವವನಿಗೆ ತಿಂಡಿ ಯಾವುದೆಂದು ತಿಳಿಯಬೇಕಲ್ಲ. ದೋಸೆಗೆ 30ರಿಂದ 45 ಡಿಗ್ರಿ ಕೋನ, ಬಾಳೆಎಲೆ ಊಟಕ್ಕೆ ನೇರ ಮೇಲಿನಿಂದ. ಮೇಲಿನಿಂದ ತೆಗೆಯುವಾಗ ಟ್ರೈಪಾಡಿನ ಅಡ್ಡತೋಳಿನ ಇನ್ನೊಂದು ತುದಿಗೆ ಐದು ಕೆಜಿ ಅಕ್ಕಿ ಚೀಲ ಕಟ್ಟಿ, ಇಲ್ಲದಿದ್ದರೆ ಕ್ಯಾಮೆರಾ ನೇರ ಸಾಂಬಾರಿಗೆ. ಬಾಳೆಎಲೆಯ ಬಿಳಿ ಹೊಳಪನ್ನು ಪೋಲರೈಸರ್ ಫಿಲ್ಟರ್ ಕಡಿಮೆ ಮಾಡುತ್ತದೆ. ಸ್ಟೀಲ್ ಲೋಟದ ಹೊಳಪಿಗೆ ಅದು ಕೆಲಸ ಮಾಡದು, ಏಕೆಂದರೆ ಲೋಹದಿಂದ ಪ್ರತಿಫಲಿಸುವ ಬೆಳಕು ಗಾಜು, ಎಲೆಗಳಿಂದ ಬರುವಂತೆ ಒಂದೇ ದಿಕ್ಕಿಗೆ ಧ್ರುವೀಕರಣ ಆಗಿರುವುದಿಲ್ಲ. ಲೋಟಕ್ಕೆ ಇರುವ ದಾರಿ, ಸುತ್ತ ಬಿಳಿ ಹಾಳೆ ನಿಲ್ಲಿಸಿ, ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆಯುವುದು. ನೀವು ದೂರ ಹೋದಷ್ಟೂ ಲೋಟದಲ್ಲಿ ಕಾಣುವ ನಿಮ್ಮ ಆಕೃತಿ ಸಣ್ಣದಾಗುತ್ತದೆ. ಕಾಫಿಯ ನೊರೆ ಎರಡು ನಿಮಿಷದ ಅತಿಥಿ, ಅದನ್ನು ಎಲ್ಲಕ್ಕಿಂತ ಕೊನೆಗೆ ಸುರಿಯಬೇಕು. ಹಬೆ ಕಾಣಬೇಕಿದ್ದರೆ ಹಿನ್ನೆಲೆ ಕಪ್ಪಾಗಿದ್ದು ಬೆಳಕು ಹಿಂದಿನಿಂದ ಬರಬೇಕು. ಏಪ್ರಿಲ್ ಮಧ್ಯಾಹ್ನ ಎಷ್ಟು ಬಿಸಿ ಕಾಫಿ ತಂದರೂ ಹಬೆ ತೆಳುವೇ.

ಸ್ವಂತ ಖುಷಿಗೆ, ಪೋರ್ಟ್‌ಫೋಲಿಯೋಗೆ ಬೆಳಗಿನ ಹೊತ್ತು ಮೀಸಲು. ಕೆ.ಆರ್. ಮಾರುಕಟ್ಟೆಯ ಹೂವಿನ ಭಾಗವನ್ನು ಮೇಲಿನ ಮಹಡಿಯ ಕಟಾಂಜನದಿಂದ ಎಲ್ಲರೂ ತೆಗೆಯುತ್ತಾರೆ, ನೀವೂ ಒಮ್ಮೆ ತೆಗೆದು ಮುಗಿಸಿ. ಅಲ್ಲಿ ಚೆಂಡುಹೂವಿನ ಕಿತ್ತಳೆಯೇ ಕಷ್ಟ ಕೊಡುವುದು. ಕ್ಯಾಮೆರಾದ ಮೀಟರ್ ಎಲ್ಲ ಸರಿ ಎಂದರೂ ಕೆಂಪು ಚಾನೆಲ್ ತುಂಬಿ ಹರಿದಿರುತ್ತದೆ. ಎಸಳುಗಳ ಗೆರೆಗಳೆಲ್ಲ ಮಾಯವಾಗಿ ಕಿತ್ತಳೆ ಮುದ್ದೆಯೊಂದು ಉಳಿಯುತ್ತದೆ. ಕೆಂಪು, ಹಸಿರು, ನೀಲಿಯ ಮಟ್ಟವನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ತೆರೆದಿಟ್ಟು ಮೂರನೇ ಎರಡರಿಂದ ಒಂದು ಸ್ಟಾಪ್ ಕಡಿಮೆ ಎಕ್ಸ್‌ಪೋಸ್ ಮಾಡಿ, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ.

ಇನ್ನೊಂದು ತೊಂದರೆ ದೀಪಗಳದು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು 1/250, 1/500ರ ಶಟರಿನಲ್ಲಿ, ಅದರಲ್ಲೂ ಎಲೆಕ್ಟ್ರಾನಿಕ್ ಶಟರಿನಲ್ಲಿ, ಚಿತ್ರದ ಅಡ್ಡಕ್ಕೆ ಪಟ್ಟೆಗಳಾಗಿ ಬೀಳುತ್ತದೆ. 1/100 ಅಥವಾ 1/50 ಇಟ್ಟರೆ ಪಟ್ಟೆಯಿಲ್ಲ. ಎಫ್/2.8, ಐಎಸ್‌ಒ 1600ರಿಂದ 3200 ಸಾಕಾಗುತ್ತದೆ. ಮೂಟೆ ಹೊತ್ತು ಓಡುವ ಹಮಾಲರನ್ನು ಸ್ಥಿರವಾಗಿ ಹಿಡಿಯಬೇಕಿದ್ದರೆ ಮೆಕ್ಯಾನಿಕಲ್ ಶಟರ್ ಹಾಕಿ, ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ದರೆ ಚಾಲೂ ಮಾಡಿ. ಅದೂ ಬೇಡವೆಂದರೆ ಹೊರಗೆ ಬನ್ನಿ. ಇಲ್ಲಿ ಸೂರ್ಯ ಹುಟ್ಟುವುದು ಮೇ ಕೊನೆಗೆ 5:55ರ ಹಿಂದೆಮುಂದೆ, ಜನವರಿ ಕೊನೆಗೆ 6:45ರ ಹಿಂದೆಮುಂದೆ. ಹುಟ್ಟಿದವನು ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಹೊಂಬೆಳಕು ಅರ್ಧ ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುವುದರಿಂದ ಅದನ್ನು ನಂಬಿ ಹೊರಡಬೇಡಿ.

ಮಾರುಕಟ್ಟೆಯಲ್ಲಿ ಕ್ಯಾಮೆರಾಗಿಂತ ನಡೆನುಡಿ ಮುಖ್ಯ. ಬೋಣಿ ಆಗುವ ಮೊದಲು ಯಾರ ಮುಂದೆಯೂ ಕ್ಯಾಮೆರಾ ಹಿಡಿಯುವುದಿಲ್ಲ. ಮೊದಲ ಗಿರಾಕಿ ಬರುವ ಹೊತ್ತಿಗೆ ಅಡ್ಡ ನಿಂತವನನ್ನು ಯಾರೂ ಇಷ್ಟಪಡರು. ಎರಡು ಮೊಳ ಹೂವು ಕೊಂಡು, “ಅಕ್ಕಾ, ನೀವು ಕಟ್ತಾ ಇರೋದು ಒಂದು ಫೋಟೋ ತೆಗೀಲಾ?” ಎಂದರೆ ಸಾಮಾನ್ಯವಾಗಿ ತಲೆಯಾಡಿಸುತ್ತಾರೆ, ಬೇಡ ಎಂದರೆ ಬೇಡ. ನೆಲದ ಮೇಲೆ ಹರಡಿದ ಹೂವು ದೇವರಿಗೆ ಹೋಗುವಂಥದ್ದು, ಚಪ್ಪಲಿ ಕಾಲಲ್ಲಿ ದಾಟಬೇಡಿ. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದಿನ ದಿನ ಹೂವಿನ ರಾಶಿಯೇನೋ ನಾಲ್ಕು ಪಟ್ಟು ಇರುತ್ತದೆ. ಆದರೆ ಕಾಲಿಡಲು ಜಾಗವಿಲ್ಲ, ಮಾತಾಡಲು ಯಾರಿಗೂ ವ್ಯವಧಾನವಿಲ್ಲ. ಎರಡು ದಿನ ಮುಂಚೆಯೇ ಹೋದರೆ ಬಾಳೆಕಂದು, ಬೂದುಗುಂಬಳದ ಲಾರಿಗಳು ಇಳಿಯುವ ಚಿತ್ರವೂ ಸಿಗುತ್ತದೆ.

ಲಾಲ್‌ಬಾಗ್, ಕಬ್ಬನ್ ಪಾರ್ಕಿನಲ್ಲಿ ವಾಣಿಜ್ಯ ಶೂಟ್ ಮಾಡುವುದಾದರೆ ತೋಟಗಾರಿಕೆ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಡ್ರೋನ್ ಹಾರಿಸುವ ಮೊದಲು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಎಚ್‌ಎಎಲ್ ವಿಮಾನ ನಿಲ್ದಾಣ, ಯಲಹಂಕ, ಜಾಲಹಳ್ಳಿಗಳ ವಾಯುಪಡೆ ನೆಲೆಗಳ ಕಾರಣ ನಗರದ ಬಹುಭಾಗ ನಿರ್ಬಂಧಿತ.

ರಾತ್ರಿಯ ಕೆಲಸ ಫೈಲುಗಳದು. 24 ಮೆಗಾಪಿಕ್ಸೆಲ್ ರಾ ಫೈಲ್ 25ರಿಂದ 30 ಎಂಬಿ, 300 ಫ್ರೇಮ್ ಎಂದರೆ ಹೆಚ್ಚುಕಡಿಮೆ ಎಂಟು ಜಿಬಿ. ಎರಡು ಬೇರೆ ಡಿಸ್ಕುಗಳಿಗೆ ಹೋಗಿ, ಎರಡರಲ್ಲೂ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ. ಮೂರನೆಯ ಪ್ರತಿ ಮನೆಯ ಹೊರಗೆ, ಕ್ಲೌಡ್ ಅಥವಾ ಸ್ನೇಹಿತರ ಮನೆಯಲ್ಲಿ. ಕರೆಂಟ್ ಹೋಗುವ ಬಡಾವಣೆಯಾದರೆ ಕಾಪಿ ಆಗುವಾಗ ಯುಪಿಎಸ್ ಕಡ್ಡಾಯ. ಮುದ್ರಣಕ್ಕೆ ಹೋಗುವ ಚಿತ್ರವಾದರೆ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ) ಪೂರ್ವವೀಕ್ಷಣೆ ಮಾಡಿ ಗ್ರಾಹಕರಿಗೆ ಮೊದಲೇ ತೋರಿಸಿ. ಪರದೆಯಲ್ಲಿ ಉರಿಯುವ ರಾಣಿ ಬಣ್ಣ ಕಾಗದದಲ್ಲಿ ಮಂಕಾಗಿಯೇ ಬರುತ್ತದೆ, ಅದು ಪ್ರೆಸ್ಸಿನವರ ತಪ್ಪಲ್ಲ.

ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಕ್ಯಾಮೆರಾ ಚೀಲದ ಸ್ಪಂಜು ತೇವ ಹೀರುವುದರಿಂದ ಅದರಲ್ಲಿಟ್ಟು ಮರೆಯುವುದೇ ಮುಖ್ಯ ಕಾರಣ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ಮುಳ್ಳು ಶೇ. 40ರಿಂದ 50ರ ನಡುವೆ ಇರಲಿ. ನೀಲಿ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುತ್ತದೆ. ಅದನ್ನು ಅಡುಗೆಯ ಓವನ್‌ನಲ್ಲಿ ಒಣಗಿಸಬೇಡಿ, ಕಿತ್ತಳೆ ಬಣ್ಣದ್ದನ್ನು ಕೇಳಿ ಕೊಳ್ಳಿ.

ಹಣದ ವಿಷಯ. ಶೂಟ್‌ಗೆ ಮೊದಲು ಅರ್ಧ ಮುಂಗಡ, ಉಳಿದದ್ದು ಪೂರ್ಣ ಗಾತ್ರದ ಫೈಲ್ ಕೊಡುವ ಮೊದಲು. ಕೊಟೇಶನ್‌ನಲ್ಲಿ ಎಷ್ಟು ಚಿತ್ರ, ಎಷ್ಟು ಸುತ್ತಿನ ತಿದ್ದುಪಡಿ, ಎಲ್ಲೆಲ್ಲಿ ಎಷ್ಟು ಕಾಲ ಬಳಸಬಹುದು ಎಂಬುದನ್ನು ಬರೆಯಿರಿ. ಇದು ಬರೀ ಶಿಷ್ಟಾಚಾರವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಕ್ಯಾಮೆರಾ ನಿಮ್ಮದು, ಬೆವರು ನಿಮ್ಮದು, ಹಕ್ಕು ಮಾತ್ರ ಅವರದು. ಹಕ್ಕು ನಿಮ್ಮಲ್ಲೇ ಉಳಿಯಬೇಕಿದ್ದರೆ ಆ ಒಂದು ಸಾಲನ್ನು ಶೂಟ್‌ಗೆ ಮೊದಲು ಬರೆದು ಇಬ್ಬರೂ ಸಹಿ ಹಾಕಬೇಕು.

ಕಂಪನಿಗಳು ವೃತ್ತಿ ಶುಲ್ಕದಲ್ಲಿ ಶೇ. 10 ಟಿಡಿಎಸ್ (ಮೊದಲೇ ಕಡಿತವಾಗುವ ಆದಾಯ ತೆರಿಗೆ) ಮುರಿದು ಕೊಡುತ್ತವೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ರಿಟರ್ನ್ ಸಲ್ಲಿಸಿದರೆ ಹೆಚ್ಚಾದದ್ದು ಮರಳಿ ಬರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಯನ್ನು ಮಾತ್ರ ಇಂದೇ ಮಾಡಿಸಿ, ಅದು ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ನೋಂದಾಯಿತ ಕಿರು ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು ಕಿರು, ಸಣ್ಣ, ಮಧ್ಯಮ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ನನ್ನ ಇನ್‌ವಾಯ್ಸ್‌ನ ಕೆಳಗೆ ಉದ್ಯಮ್ ಸಂಖ್ಯೆ, ಅದರ ಪಕ್ಕದಲ್ಲಿ ಹಣ ಬರಬೇಕಾದ ತಾರೀಕು ಇರುತ್ತದೆ. “ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ” ಎಂಬ ಉತ್ತರ ಬಂದಾಗ ಆ ಎರಡು ಸಾಲುಗಳನ್ನೇ ಮತ್ತೆ ಮೇಲ್ ಮಾಡುತ್ತೇನೆ.