ಕಂಠಕ್ಕೊಂದು ಕಾಲ, ಮಿಡಿಗೊಂದು ಕಾಲ

ಹಳೆಯ ಹಾಡೊಂದನ್ನು ಮತ್ತೆ ಕೂಡಿಸಲು ಕುಳಿತಾಗ ನನ್ನ ಬಳಿ ಮೂರು ಫೈಲುಗಳಿದ್ದವು. ವೇವ್ ರೂಪದಲ್ಲಿ ಕಂಠ, ಎಂಪಿ3 ರೂಪದಲ್ಲಿ ಕೊಳಲು, ಪಕ್ಕವಾದ್ಯಗಳೆಲ್ಲ ಅಡಗಿದ್ದ ಒಂದು ಮಿಡಿ (MIDI, ಸದ್ದಿನ ಬದಲು ನುಡಿಸುವ ಸೂಚನೆಗಳನ್ನು ಹೊತ್ತ) ಫೈಲು. ಮೂರನ್ನೂ ಒಟ್ಟಿಗೆ ಧ್ವನಿಮುದ್ರಣ ತಂತ್ರಾಂಶದ ಹೊಸ ಪ್ರಾಜೆಕ್ಟಿಗೆ ಎಳೆದು ಹಾಕಿ ಪ್ಲೇ ಒತ್ತಿದೆ. ಹಾಡು ಇನ್ನೂ ಪಲ್ಲವಿಯಲ್ಲಿರುವಾಗಲೇ ಪಕ್ಕವಾದ್ಯಗಳು ಚರಣಕ್ಕೆ ಹೊರಟುಹೋಗಿದ್ದವು.

ಕಾರಣ ತಿಳಿಯಲು ಒಂದು ಸಂಜೆಯೇ ಬೇಕಾಯಿತು. ಆಡಿಯೋ ಫೈಲಿನ ಕಾಲ ಸೆಕೆಂಡುಗಳಲ್ಲಿದೆ. ಮಿಡಿಯ ಕಾಲ ಸಾಮಾನ್ಯವಾಗಿ ಬೀಟ್‌ಗಳಲ್ಲಿದೆ. ಒಂದು ಬೀಟ್ ಎಷ್ಟು ಸೆಕೆಂಡ್ ಎಂಬುದನ್ನು ಟೆಂಪೋ ಹೇಳಬೇಕು. ನನ್ನ ಹಾಡಿನ ಟೆಂಪೋ 92, ಅಂದರೆ ನಿಮಿಷಕ್ಕೆ 92 ಬೀಟ್. ಆಮದು ಮಾಡುವಾಗ ಬಂದ ‘ಟೆಂಪೋ ಮ್ಯಾಪ್ (ಹಾಡಿನಲ್ಲಿ ಎಲ್ಲೆಲ್ಲಿ ಯಾವ ಟೆಂಪೋ ಎಂಬ ಪಟ್ಟಿ) ಸೇರಿಸಲೇ?’ ಎಂಬ ಪ್ರಶ್ನೆಯನ್ನು ನಾನು ಓದದೆ ತಳ್ಳಿಬಿಟ್ಟಿದ್ದೆ, ಹೊಸ ಪ್ರಾಜೆಕ್ಟು ತನ್ನ 120ರಲ್ಲೇ ಉಳಿದಿತ್ತು. ನಾಲ್ಕು ಬೀಟಿನ 32 ಬಾರ್‌ಗಳ ನಂತರ ಚರಣ ಶುರು. 92ರಲ್ಲಿ ಅದು ಬರುವುದು ಸುಮಾರು 83.5 ಸೆಕೆಂಡಿಗೆ, 120ರಲ್ಲಿ 64ಕ್ಕೇ.

ಸರಿ, ಟೆಂಪೋವನ್ನು 92ಕ್ಕೆ ಇಳಿಸಿದೆ. ಈಗ ಕಂಠವೇ ಹಿಗ್ಗಿತು! ಶ್ರುತಿ ಬದಲಾಗಲಿಲ್ಲ, ಆದರೆ ಪ್ರತಿ ಅಕ್ಷರವೂ ಎಳೆದಂತೆ, ನೀರಿನೊಳಗಿಂದ ಬಂದಂತೆ ಕೇಳಿಸಿತು. ಆಡಿಯೋ ಟ್ರ್ಯಾಕ್ ಕೂಡ ಬೀಟ್‌ಗಳಿಗೆ ಕಟ್ಟಿಕೊಂಡಿತ್ತು. ಟ್ರ್ಯಾಕ್ ಬೀಟ್‌ಗೆ ಕಟ್ಟಿಕೊಳ್ಳಬೇಕೋ ಸೆಕೆಂಡಿಗೋ ಎಂಬ ಈ ಆಯ್ಕೆಯನ್ನು ರೀಪರ್ ಎಂಬ ತಂತ್ರಾಂಶದಲ್ಲಿ ಟೈಮ್‌ಬೇಸ್ ಎನ್ನುತ್ತಾರೆ, ಬೇರೆ ತಂತ್ರಾಂಶಗಳಲ್ಲಿ ಬೇರೆ ಹೆಸರು. ಅದನ್ನು ‘ಟೈಮ್’ಗೆ ಬದಲಿಸಿದ ಮೇಲೆ ಟೆಂಪೋ ಏನೇ ಆದರೂ ಕಂಠ ಅಲುಗುವುದಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಿದೆ: ಖಾಲಿ ಪ್ರಾಜೆಕ್ಟು, ಮೊದಲು ಟೆಂಪೋ ಮ್ಯಾಪ್ ಸಮೇತ ಮಿಡಿ, ಆಮೇಲೆ ಆಡಿಯೋ. ಕಂಠ ತನ್ನ ಜಾಗದಲ್ಲಿ ಬಂದು ಕುಳಿತಾಗ ಆದ ಸಂತೋಷ ನನಗೆ ಇಂದಿಗೂ ನೆನಪಿದೆ.

ಮಿಡಿ ಟ್ರ್ಯಾಕ್‌ನಿಂದ ಸದ್ದೇ ಬಾರದಿದ್ದರೆ ಹೆದರಬೇಕಿಲ್ಲ. ಅದರಲ್ಲಿರುವುದು ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು ಎಂಬ ಸೂಚನೆಗಳು ಮಾತ್ರ. ದನಿಗೆ ವಾದ್ಯದ ಪ್ಲಗಿನ್ (ಸೂಚನೆಗಳನ್ನು ಸದ್ದಾಗಿಸುವ ಪುಟ್ಟ ತಂತ್ರಾಂಶ) ಹಾಕಬೇಕು. ನನ್ನದು ಫಾರ್ಮ್ಯಾಟ್ 0 ಫೈಲಾಗಿದ್ದರಿಂದ ವಾದ್ಯಗಳೆಲ್ಲ ಒಂದೇ ಟ್ರ್ಯಾಕ್‌ನಲ್ಲಿ ಬಂದವು. ಪ್ರತಿ ಸೂಚನೆಯ ಜೊತೆಗಿರುವ ಚಾನೆಲ್ ಸಂಖ್ಯೆಯ ಪ್ರಕಾರ ಬಿಡಿಸಿಕೊಂಡೆ. ಜನರಲ್ ಮಿಡಿ ಎಂಬ ಸಾಮಾನ್ಯ ಪದ್ಧತಿಯಂತೆ ತಾಳವಾದ್ಯಗಳು 10ನೆಯ ಚಾನೆಲ್‌ನಲ್ಲಿದ್ದವು. ಫಾರ್ಮ್ಯಾಟ್ 1 ಆಗಿದ್ದರೆ ವಾದ್ಯಗಳು ಬೇರೆಬೇರೆ ಟ್ರ್ಯಾಕ್‌ಗಳಾಗಿಯೇ ಬರುತ್ತಿದ್ದವು.

ಇನ್ನು ಕೊಳಲು. ಅದರ ಪ್ರತಿ ಸ್ವರವೂ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿತ್ತು. ನುಡಿಸಿದವರ ತಪ್ಪೆಂದು ನಾನು ಭಾವಿಸಿದ್ದೆ, ಅದು ಅನ್ಯಾಯ. ಎಂಪಿ3 ಮಾಡುವಾಗ ಎನ್‌ಕೋಡರ್ ಆರಂಭದಲ್ಲಿ ಒಂದಿಷ್ಟು ಮೌನ ಸೇರಿಸುತ್ತದೆ. ನನ್ನ ಫೈಲಿನಲ್ಲಿ ಅದು ಸುಮಾರು 25 ಮಿಲಿಸೆಕೆಂಡ್ ಇತ್ತು. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ ಅಷ್ಟೇ ಹಿಂದಕ್ಕೆ ಸರಿಸಿದೆ. ಅಂದಿನಿಂದ ಯಾರ ಬಳಿಯಾದರೂ ಇಂಥ ಮೌನ ಸೇರದ ವೇವ್ ಅಥವಾ ಫ್ಲ್ಯಾಕ್ ಫೈಲನ್ನೇ ಕೇಳುತ್ತೇನೆ. ಎಲ್ಲ ಟ್ರ್ಯಾಕ್‌ಗಳೂ ಹಾಡಿನ ಸೊನ್ನೆ ಕ್ಷಣದಿಂದಲೇ ಶುರುವಾಗಿರಲಿ, ನಡುವೆ ಮೌನವಿದ್ದರೂ ಕತ್ತರಿಸಬೇಡಿ ಎಂದೂ ಹೇಳುತ್ತೇನೆ.

ಸ್ಯಾಂಪಲ್ ರೇಟಿನ (ದನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದಿದೆ ಎಂಬುದರ) ವಿಷಯವೂ ಹೀಗೆಯೇ. ನನ್ನ ಪ್ರಾಜೆಕ್ಟು 48 ಕಿಲೋಹರ್ಟ್ಸ್‌ನಲ್ಲಿದೆ, ಕಂಠ 44.1ರಲ್ಲಿತ್ತು. ತಂತ್ರಾಂಶ ಪರಿವರ್ತಿಸಿಕೊಂಡರೆ ತೊಂದರೆಯಿಲ್ಲ. ಪರಿವರ್ತಿಸದೆ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ನಾಲ್ಕು ನಿಮಿಷದ ಹಾಡು 19.5 ಸೆಕೆಂಡ್ ಬೇಗ ಮುಗಿಯುತ್ತದೆ. ಆಮದಾದ ತಕ್ಷಣ ಅವಧಿಯನ್ನು ಮೂಲ ಫೈಲಿನೊಂದಿಗೆ ತಾಳೆ ನೋಡುವುದು ನನಗೆ ಈಗ ರೂಢಿಯಾಗಿದೆ. ಫೈಲುಗಳನ್ನು ಪ್ರಾಜೆಕ್ಟ್ ಫೋಲ್ಡರಿಗೆ ನಕಲಿಸುವ ಆಯ್ಕೆಯನ್ನೂ ಒತ್ತುತ್ತೇನೆ. ಆರ್ಡರ್ (Ardour) ಎಂಬ ಇನ್ನೊಂದು ತಂತ್ರಾಂಶದ ಆಮದು ಕಿಟಕಿಯಲ್ಲಿಯೂ ಅದು ಇದೆ. ಇಲ್ಲದಿದ್ದರೆ ಮೂಲ ಫೋಲ್ಡರಿನ ಹೆಸರು ಬದಲಾದ ದಿನ ಟ್ರ್ಯಾಕ್‌ಗಳು ಬರಿದಾಗುತ್ತವೆ.

ಎರಡನೆಯ ಹಾಡಿನಲ್ಲಿ ಮೊದಲು ಮಿಡಿ, ಆಮೇಲೆ ಆಡಿಯೋ ಎಂಬ ಈ ಕ್ರಮ ನಡೆಯಲಿಲ್ಲ. ಗಾಯಕಿ ಅದನ್ನು ಬೀಟ್ ತಿಳಿಸುವ ಕ್ಲಿಕ್ ಸದ್ದು ಇಲ್ಲದೆ, ತನ್ನದೇ ಲಯದಲ್ಲಿ ಹಾಡಿದ್ದರು. ಅವರ ಹಾಡನ್ನು ಕತ್ತರಿಸಿ ತಂತ್ರಾಂಶದ ಬೀಟ್ ಗೆರೆಗಳಿಗೆ ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಕಂಠವನ್ನೇ ಮೊದಲು ತಂದೆ, ಅದನ್ನು ಕಾಲಕ್ಕೆ ಬಿಗಿದೆ, ಪ್ರತಿ ಬಾರ್‌ನ ಮೊದಲ ಬೀಟನ್ನು ಕಿವಿಯಿಂದ ಹುಡುಕಿ ಟೆಂಪೋ ಗುರುತು ಹಾಕುತ್ತಾ ಹೋದೆ. ಆಮೇಲೆ ಮಿಡಿ ತಂದಾಗ ಅದರ ಟೆಂಪೋ ಮ್ಯಾಪನ್ನು ಬೇಕೆಂದೇ ನಿರಾಕರಿಸಿದೆ. ಎರಡು ದಿನ ಹಿಡಿಯಿತು. ಟೆಂಪೋ ಈಗ 88ರಿಂದ 95ರ ನಡುವೆ ಏರಿಳಿಯುತ್ತದೆ. ಚರಣದ ಕೊನೆಯ ಸಾಲಿನಲ್ಲಿ ಅವರು ಉಸಿರಿಗೆಂದು ಒಂದಿಷ್ಟು ತಡೆಯುವಾಗ ಪಕ್ಕವಾದ್ಯಗಳೂ ಅವರೊಡನೆ ತಡೆದು, ಅವರೊಡನೆಯೇ ಮತ್ತೆ ಹೊರಡುತ್ತವೆ.