ದೂರದಲ್ಲಿದ್ದೇ ಹಿರಿಯರ ಶುಗರ್ ನೋಡಿಕೊಳ್ಳುವುದು ಹೇಗೆ?

ಹಿರಿಯರ ರಟ್ಟೆಗೆ ಹಗಲೂ ರಾತ್ರಿ ಶುಗರ್ ಅಳೆಯುವ ಸೆನ್ಸರ್ ಹಾಕಿಸಿ, ಶುಗರ್ ಅಂಕಿ ತಮ್ಮ ಮೊಬೈಲಿಗೆ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುವ ಮಕ್ಕಳೇ ಹೆಚ್ಚು. ಆಮೇಲೆ ಹಗಲೂ ರಾತ್ರಿ ಕೂಗುವ ಅಲಾರಂಗೆ ಬೇಸತ್ತು ಎಲ್ಲವನ್ನೂ ಆಫ್ ಮಾಡಿಬಿಡುತ್ತಾರೆ. ಎಡವುವುದು ಇಲ್ಲೇ.

ಮೊದಲು ಹಿರಿಯರ ಒಪ್ಪಿಗೆ ಕೇಳಿ. ತಮ್ಮ ಶುಗರ್ ಯಾರ್ಯಾರು ನೋಡಬಹುದು ಎಂದು ಹೇಳಬೇಕಾದವರು ಅವರೇ.

ಎರಡನೆಯದು ಸೆನ್ಸರ್. ಚರ್ಮ ತೊಳೆದು, ಒಣಗಿಸಿ, ಒತ್ತಿದರಾಯಿತು. ಅವರು ಮಗ್ಗುಲಾಗಿ ಮಲಗುವ ಕಡೆಯ ರಟ್ಟೆ ಮಾತ್ರ ಬೇಡ. ಮೈಭಾರ ಬಿದ್ದರೆ ಶುಗರ್ ಇಳಿಯದಿದ್ದರೂ ಇಳಿದಂತೆ ತೋರಿಸುತ್ತದೆ.

ಮೂರನೆಯದಾಗಿ ಹಿರಿಯರ ಫೋನಿಗೆ ಸೆನ್ಸರ್‌ನ ಆ್ಯಪ್ ಜೋಡಿಸಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಅದನ್ನು ಹೊರಗಿಡಿ, ಇಲ್ಲವಾದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ. ಹಿರಿಯರ ಫೋನ್ ಅವರ ಹತ್ತಿರವೇ ಇರಲಿ, ಬ್ಲೂಟೂತ್ ದೂರಕ್ಕೆ ಸಿಗದು.

ಈಗ ಅಲಾರಂ. ಊಟವಾದ ಮೇಲೆ ಶುಗರ್ 180 ದಾಟುವುದು ಸಾಮಾನ್ಯ. ಅಲ್ಲಿಗೇ ಅಲಾರಂ ಇಟ್ಟರೆ ದಿನವಿಡೀ ಕೂಗುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಮೇಲಿನ ಮಿತಿ 250 ಇರಲಿ. ಕೆಳಗಿನ ಮಿತಿಯನ್ನು 70ಕ್ಕಿಂತ ಇಳಿಸಲೇಬೇಡಿ. 54ರ ಕೆಳಗೆ ಹೋದರೆ ತುರ್ತು. 2019ರ ಅಂತರರಾಷ್ಟ್ರೀಯ ತಜ್ಞರ ಒಮ್ಮತವೂ ಹಿರಿಯರ ಶುಗರ್ 70ಕ್ಕಿಂತ ಕೆಳಗಿರುವ ಹೊತ್ತು ದಿನದ ಶೇ 1ಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಭಯ ಹೆಚ್ಚು. ವಯಸ್ಸಾದಂತೆ ಬೆವರು, ನಡುಕದಂಥ ಮುನ್ಸೂಚನೆಗಳೂ ಮಂಕಾಗುತ್ತವೆ. ನೇರವಾಗಿ ಗೊಂದಲ, ಬೀಳುವುದು.

ಅಲಾರಂ ಕೂಗಿದಾಗ ಯಾರು ಏನು ಮಾಡಬೇಕು ಎಂಬುದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊದಲು ಫೋನ್ ಮಾಡುವವರು ಯಾರು, ಎತ್ತದಿದ್ದರೆ ಬೀಗದ ಕೈ ಇಟ್ಟುಕೊಂಡು ಹೋಗಿ ನೋಡುವವರು ಯಾರು? ಶುಗರ್ ಇಳಿದಾಗ, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಕೂಡದು, ಆಂಬುಲೆನ್ಸ್ ಕರೆಯಬೇಕು. ಈ ಕಾಗದವಿಲ್ಲದೆ ಸೆನ್ಸರ್ ಹಾಕಿಸಲೇಬೇಡಿ.

ಗ್ಲೂಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಅಂಕಿ ಕೆಲವು ನಿಮಿಷ ಹಿಂದೆ ಇರುತ್ತದೆ. ಅಂಕಿ ಸರಿಯಿದ್ದೂ ಹಿರಿಯರು ಸುಸ್ತು ಎಂದರೆ ಅವರ ಮಾತು ನಂಬಿ, ಕೈ ತೊಳೆಸಿ ಬೆರಳು ಚುಚ್ಚಿ. ಚುಚ್ಚದೆಯೇ ಶುಗರ್ ಹೇಳುತ್ತೇವೆ ಎನ್ನುವ ವಾಚು, ಉಂಗುರಗಳಿಗೆ ದುಡ್ಡು ಸುರಿಯಬೇಡಿ. ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ.

ಆ್ಯಪ್‌ನಲ್ಲಿ ಸಿಗುವ 14 ದಿನಗಳ ವರದಿಯನ್ನು ವೈದ್ಯರಿಗೆ ಕಳಿಸಿ. ಅದನ್ನು ನೋಡಿ ನೀವೇ ಔಷಧದ ಡೋಸ್ ಬದಲಿಸಬೇಡಿ.