ಬಾಡಿಗೆ ಕಾರಿನ ಅಪಘಾತ, ಎರಡು ಇನ್ಶೂರೆನ್ಸ್ ಕಂಪನಿ, ನನ್ನ ಬಲಮೊಣಕಾಲು

ಆ್ಯಪ್‌ನಲ್ಲಿ ಬುಕ್ ಮಾಡಿದ ಕಾರು ಅಪಘಾತವಾದರೆ ಪರಿಹಾರ ಯಾರ ಹತ್ತಿರ ಕೇಳಬೇಕು? ಡ್ರೈವರ್ ಹತ್ತಿರವೋ, ಓನರ್ ಹತ್ತಿರವೋ, ಆ್ಯಪ್ ಕಂಪನಿ ಹತ್ತಿರವೋ, ಎದುರಿನ ಗಾಡಿಯವರ ಹತ್ತಿರವೋ? ಅಂಕೋಲೆಯ ನನ್ನ ಟೇಲರಿಂಗ್ ಅಂಗಡಿಗೆ ಬ್ಲೌಸ್ ಅಳತೆ ಕೊಡಲು ಬಂದವರೂ ಈಗ ಇದನ್ನೇ ಕೇಳುತ್ತಾರೆ. ನಾನು ಕೇಸ್ ನಡೆಸಿ ಪರಿಹಾರ ಪಡೆದದ್ದು ಊರಿಗೆಲ್ಲ ಗೊತ್ತು. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಎನಿಸಿತು.

ಅಪಘಾತದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2022ರ ಮಳೆಗಾಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಬರುತ್ತಿದ್ದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ನಮ್ಮ ಡ್ರೈವರ್ ಮುಂದಿನ ಬಸ್ಸನ್ನು ಓವರ್‌ಟೇಕ್ ಮಾಡಲು ಹೋದ. ಕೆಳಗಿನಿಂದ ಬಂದ ಲಾರಿ ತಿರುವಿನಲ್ಲಿ ರಸ್ತೆಯ ನಡುವೆಯೇ ಇತ್ತು. ನನ್ನ ಬಲಮೊಣಕಾಲಿನ ಕೆಳಗಿನ ಮೂಳೆ ಒಡೆಯಿತು, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು.

ಕೇಸ್ ಶುರುವಾಗುವುದು ಪೊಲೀಸ್ ಸ್ಟೇಷನ್ನಿನಲ್ಲಲ್ಲ, ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆದಿಡುವ ಪುಸ್ತಕದಲ್ಲಿ. ಡ್ಯೂಟಿ ಡಾಕ್ಟರು "ಏನಾಯ್ತು" ಎಂದು ಕೇಳಿ ಬರೆದುಕೊಳ್ಳುವ ಆ ಎರಡು ಸಾಲನ್ನು ಇನ್ಶೂರೆನ್ಸ್ ವಕೀಲರು ಮುಂದೆ ಭೂತಗನ್ನಡಿ ಹಿಡಿದು ನೋಡುತ್ತಾರೆ. "ಬಿದ್ದು ಪೆಟ್ಟಾಗಿದೆ" ಅಂತ ಇದ್ದರೆ ಮುಗೀತು, ಅದನ್ನು ಸರಿಮಾಡಲು ಒದ್ದಾಡಬೇಕು. ನಾನು ನೋವಿನಲ್ಲೂ ಕಾರಿನ ನಂಬರ್ ಹೇಳಿ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ, ಲಾರಿಗೆ ಡಿಕ್ಕಿ ಅಂತ ಬರೆಸಿದೆ. ನನ್ನ ತಮ್ಮ ಎರಡೂ ಗಾಡಿಗಳ ಫೋಟೊ ತೆಗೆದಿಟ್ಟುಕೊಂಡ. ಆ್ಯಪ್‌ನಲ್ಲಿದ್ದ ಟ್ರಿಪ್ಪಿನ ವಿವರ, ಡ್ರೈವರ್ ಹೆಸರು, ಕಾರಿನ ನಂಬರ್, ಬಾಡಿಗೆ ಮೊತ್ತ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ಇಮೇಲ್‌ಗೆ ಬಂದ ರಸೀದಿಯನ್ನೂ ಪ್ರಿಂಟ್ ಹಾಕಿಸಿದೆವು. ನಾನು ದುಡ್ಡು ಕೊಟ್ಟು ಕೂತ ಪ್ರಯಾಣಿಕಳು ಎಂಬುದಕ್ಕೆ ಆ ರಸೀದಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಡ್ರೈವರ್ ಹಾವೇರಿ ಕಡೆಯ ಹುಡುಗ. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡೇ ನನ್ನ ವಾರ್ಡಿಗೆ ಬಂದ. "ಅಕ್ಕಾರ, ಕೇಸ್ ಬ್ಯಾಡ್ರಿ, ನನ್ನ ಲೈಸೆನ್ಸ್ ಹೋಗ್ತೈತಿ. ಮಾಲಕ್ರು ದವಾಖಾನಿ ಖರ್ಚು ಕೊಡ್ತಾರ" ಅಂದ. ಪಾಪ ಅನಿಸಿತು. "ತಮ್ಮಾ, ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಕೇಸ್ ಇಲ್ಲದೆ ಇನ್ಶೂರೆನ್ಸಿನವರು ಒಂದು ಪೈಸೆ ಬಿಚ್ಚೋದಿಲ್ಲ" ಅಂದೆ. ಅವನಿಗೂ ಒಂದು ವಿಷಯ ಗೊತ್ತಿರಲಿಲ್ಲ. ಸಂಬಳಕ್ಕೆ ದುಡಿಯುವ ಡ್ರೈವರ್‌ಗೆ ಕೆಲಸದಲ್ಲಿ ಪೆಟ್ಟಾದರೆ ಆಗ ಇದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಅವನೂ ಕೇಳಬಹುದಿತ್ತು (2025ರ ನವೆಂಬರಿನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ), ಗಾಡಿಯ ಕಡ್ಡಾಯ ಇನ್ಶೂರೆನ್ಸಿನಲ್ಲೇ ಆ ಹೊಣೆಯೂ ಸೇರಿರುತ್ತದೆ.

ಪೊಲೀಸ್ ದೂರು, ಪಂಚನಾಮೆ, ಸ್ಕೆಚ್, ಗಾಡಿ ಪರಿಶೀಲನೆಯ ವರದಿ, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಇವೆಲ್ಲದರ ನಕಲು ಬೇಕು. ಅಜಾಗರೂಕ ಚಾಲನೆ, ಅದರಿಂದ ಗಂಭೀರ ಗಾಯ ಎಂದು ಆಗ ಎಫ್ಐಆರ್ ಹಳೆಯ ದಂಡ ಸಂಹಿತೆ ಐಪಿಸಿಯ 279, 338ರಲ್ಲಿ ಆಗುತ್ತಿತ್ತು, 2024ರ ಜುಲೈ 1ರಿಂದ ಅದೇ ಅಪರಾಧಗಳು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281, 125ರಲ್ಲಿ ಬರುತ್ತವೆ. ಚಿಕಿತ್ಸೆಯ ವಿಷಯದಲ್ಲೂ ಈಗಿನವರಿಗೆ ಒಂದು ಅನುಕೂಲ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ. ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ. ನಮಗೆ ಆಗ ಅದು ಇರಲಿಲ್ಲ, ಸಂಘದ ಸಾಲ ತೆಗೆದೇ ಬಿಲ್ ಕಟ್ಟಿದ್ದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾರಿನ ಇನ್ಶೂರೆನ್ಸಿನವರು ತಪ್ಪೆಲ್ಲ ಲಾರಿಯದು ಅಂದರು. ಲಾರಿಯವರು ಚಾರ್ಜ್‌ಶೀಟ್ ಕಾರಿನ ಡ್ರೈವರ್ ಮೇಲಿದೆ ನೋಡಿ ಅಂದರು. ಆ್ಯಪ್ ಕಂಪನಿ, ನಾವು ಬರೀ ಬುಕಿಂಗ್ ಮಾಡಿಕೊಡುವವರು, ಕಾರು ನಮ್ಮದಲ್ಲ ಅಂದಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಹಾಗೆ ಆಗಲು ಬಿಡಬಾರದು. ಪ್ರಯಾಣಿಕರು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಎರಡು ಗಾಡಿಯವರ ತಪ್ಪೂ ಸೇರಿ ಮೂರನೆಯವರಿಗೆ ಪೆಟ್ಟಾದರೆ ಅವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಖೆನ್ಯೇಯಿ ಪ್ರಕರಣದಲ್ಲಿ ಹೇಳಿದೆ. ಯಾರದ್ದು ಎಷ್ಟು ಪಾಲು ಎಂಬ ಲೆಕ್ಕ ಅವರವರದು. ನಮ್ಮ ವಕೀಲರು ಎರಡೂ ಗಾಡಿಗಳ ಓನರ್, ಎರಡೂ ಇನ್ಶೂರೆನ್ಸ್ ಕಂಪನಿ ಎಲ್ಲರನ್ನೂ ಪಾರ್ಟಿ ಮಾಡಿದರು. ಒಬ್ಬರನ್ನೇ ಹಿಡಿದುಕೊಂಡರೂ ಕಾನೂನಿನಲ್ಲಿ ನಡೆಯುತ್ತದೆ, ಆದರೆ ಎಲ್ಲರೂ ಎದುರಿಗಿದ್ದರೆ ಹಾಜರಿಲ್ಲದವರ ಮೇಲೆ ತಪ್ಪು ಹಾಕುವ ಆಟ ನಡೆಯುವುದಿಲ್ಲ.

ಕಾರು ಹಳದಿ ಬೋರ್ಡಿನದ್ದು. ಬಾಡಿಗೆ ಗಾಡಿಯ ಪ್ರಯಾಣಿಕರು ಕಡ್ಡಾಯ ಇನ್ಶೂರೆನ್ಸಿನ ಒಳಗೇ ಬರುತ್ತಾರೆ. ಆದರೂ ಕಂಪನಿ ಒಂದು ತಕರಾರು ತೆಗೆಯಿತು, ಡ್ರೈವರ್ ಹತ್ತಿರ ಲಘು ವಾಹನದ ಲೈಸೆನ್ಸ್ ಮಾತ್ರ ಇದೆ, ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸುವ ಅನುಮತಿ ಇಲ್ಲ ಅಂತ. ಕೇಸ್ ನಡೆಯುತ್ತಿರುವಾಗಲೇ, 2024ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 7,500 ಕೆಜಿ ಒಳಗಿನ ಗಾಡಿಗೆ ಪ್ರತ್ಯೇಕ ಅನುಮತಿ ಬೇಡ ಎಂದು ತೀರ್ಪು ಕೊಟ್ಟಿತು. ತಕರಾರು ಅಲ್ಲಿಗೇ ಬಿತ್ತು.

ಕೇಸ್ ಹಾಕಲು ಹುಬ್ಬಳ್ಳಿಗೋ ಯಲ್ಲಾಪುರಕ್ಕೋ ಓಡಬೇಕಿಲ್ಲ. ನಾವು ವಾಸ ಇರುವ ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು, ನನ್ನದು ಕಾರವಾರದಲ್ಲಿ ನಡೆಯಿತು. ಆದರೆ ಅಪಘಾತವಾದ ಆರು ತಿಂಗಳ ಒಳಗೆ ಹಾಕಬೇಕು, 2022ರ ಏಪ್ರಿಲ್ 1ರಿಂದ ಈ ನಿಯಮ ಬಂದಿದೆ. ಹಳಬರು ಎಷ್ಟು ವರ್ಷ ಆದ್ಮೇಲೂ ಹಾಕಬಹುದು ಅಂತಾರೆ, ನಂಬಿ ಕೂರಬೇಡಿ.

ಇನ್ನೊಂದು ಕಡೆ ಹುಷಾರಾಗಿರಬೇಕು. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ನಿನಲ್ಲಿ ತಪ್ಪು ಯಾರದ್ದು ಅಂತ ನೋಡದೆ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಕೊಡುತ್ತಾರೆ. ಆಸ್ಪತ್ರೆ ಸಾಲ ತಲೆ ಮೇಲಿರುವಾಗ ಅದು ದೊಡ್ಡದಾಗಿಯೇ ಕಾಣುತ್ತದೆ. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಮಂಡಳಿಯ ಕೇಸ್ ಬಿದ್ದುಹೋಗುತ್ತದೆ. ಬೇಗ ವಾಸಿಯಾಗುವ ಗಾಯವಾದರೆ ಅದೇ ಒಳ್ಳೆಯದಿರಬಹುದು. ದುಡಿಮೆಗೇ ಪೆಟ್ಟು ಬಿದ್ದಿದ್ದರೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಮತ್ತೆ, ಆಸ್ಪತ್ರೆಯ ವಾರ್ಡಿಗೇ ವಕಾಲತ್ತು ಹಿಡಿದು ಬರುವವರಿಗೆ ಸಹಿ ಮಾಡಲೇಬೇಡಿ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ವಕೀಲರು ಫೀಸ್ ಮಾತಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ನಾನು ಅಂಕೋಲೆಯ ಪರಿಚಯದ ವಕೀಲರ ಹತ್ತಿರ ಫೀಸ್ ಮೊದಲೇ ಕೇಳಿ, ಕಂತಿನಲ್ಲಿ ಕೊಟ್ಟೆ.

ಈಗ ಮೊಣಕಾಲಿನ ವಿಷಯ. ಕಾಲಿಗೆ 30%, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ 10% ಊನ ಎಂದು ಡಾಕ್ಟರು ಸರ್ಟಿಫಿಕೇಟ್ ಕೊಟ್ಟರು. ಬಹಳ ಜನ ಈ ನಂಬರಿಗೇ ನಿಂತುಬಿಡುತ್ತಾರೆ. ಆದರೆ 2010ರ ರಾಜ್‌ಕುಮಾರ್ ತೀರ್ಪಿನ ಪ್ರಕಾರ ನೋಡಬೇಕಾದದ್ದು ದೇಹಕ್ಕೆ ಎಷ್ಟು ಊನ ಅಂತಲ್ಲ, ಅದರಿಂದ ಅವರ ಸಂಪಾದನೆ ಎಷ್ಟು ಕುಗ್ಗಿತು ಅಂತ. ಪಾಟೀ ಸವಾಲಿನಲ್ಲಿ ಕಂಪನಿ ವಕೀಲರು ಕೇಳಿದರು, "ನಿಮ್ಮ ಎರಡೂ ಕೈ ಚೆನ್ನಾಗಿವೆಯಲ್ಲಮ್ಮ, ಹೊಲಿಯೋದು ಕೈಯಲ್ಲಿ ತಾನೇ?" ನಾನು ಹೇಳಿದೆ, "ಸರ್, ಬಟ್ಟೆ ಹಿಡಿಯೋದು ಕೈ, ಮಷಿನ್ ಓಡಿಸೋದು ಕಾಲು." ಮೋಟಾರ್ ಇದೆಯಲ್ಲ ಅಂದರು. ಮೋಟಾರ್ ಇದ್ದರೂ ಪೆಡಲ್ ಒತ್ತಿ ವೇಗ ಹೆಚ್ಚು ಕಡಿಮೆ ಮಾಡುವುದು ಬಲಪಾದವೇ. ಜುಕಿ ಮಷಿನ್ನಿನಲ್ಲಂತೂ ಮೇಜಿನ ಕೆಳಗೆ ಮೊಣಕಾಲಿನ ಹತ್ತಿರ ಒಂದು ಪಟ್ಟಿ ಇರುತ್ತದೆ. ಬಲಮೊಣಕಾಲನ್ನು ಪಕ್ಕಕ್ಕೆ ಒತ್ತಿದರೆ ಬಟ್ಟೆಯನ್ನು ಅದುಮಿ ಹಿಡಿದಿರುವ ಮಷಿನ್ನಿನ ಲೋಹದ ಪಾದ ಮೇಲೇಳುತ್ತದೆ. ಬ್ಲೌಸಿನ ಕುತ್ತಿಗೆ ಸುತ್ತು ಹೊಲಿಯುವಾಗ ಪ್ರತಿ ತಿರುವಿಗೂ ಹಾಗೆ ಒತ್ತುತ್ತಲೇ ಇರಬೇಕು, ಎರಡೂ ಕೈ ಬಟ್ಟೆ ಬಿಡುವಂತಿಲ್ಲ. ಇದನ್ನು ನಾನು ಕುರ್ಚಿಯಲ್ಲಿ ಕೂತೇ ಕಾಲಾಡಿಸಿ ತೋರಿಸಿದೆ, ಮೊಣಕಾಲು ಪಕ್ಕಕ್ಕೆ ಹೋಗದಿರುವುದು ನ್ಯಾಯಾಧೀಶರಿಗೂ ಕಂಡಿತು. ಅಂಗಡಿಯಲ್ಲಿ ಮಷಿನ್ ಮುಂದೆ ಕೂತ ಫೋಟೊಗಳನ್ನೂ ಹಾಜರು ಮಾಡಿದ್ದೆವು. ನಿಮ್ಮ ಕೆಲಸದಲ್ಲಿ ಯಾವ ಅಂಗ ಏನು ಮಾಡುತ್ತದೆ ಅಂತ ವಕೀಲರಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ನೀವೇ ಹೇಳಬೇಕು.

ಸಂಪಾದನೆಗೆ ನನ್ನ ಹತ್ತಿರ ಸಂಬಳದ ಚೀಟಿ ಇಲ್ಲ. ಅಳತೆ ಪುಸ್ತಕಗಳು, ಶಾಲಾ ಯೂನಿಫಾರ್ಮಿನ ಆರ್ಡರ್ ಚೀಟಿಗಳು, ಫೋನ್‌ಪೇ ದುಡ್ಡು ಬಂದ ಬ್ಯಾಂಕ್ ಪಾಸ್‌ಬುಕ್, ಸಂಘದ ಸಾಲ ಕಟ್ಟಿದ ಪುಸ್ತಕ ಕೊಟ್ಟೆ. ಏನೂ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಂತೆ ಅಪಘಾತವಾದ ವರ್ಷಕ್ಕೆ ಒಂದು ಅಂದಾಜು ಆದಾಯ ಹಿಡಿಯುತ್ತಾರೆ. ನನಗೆ ತಿಂಗಳಿಗೆ 18,000 ಒಪ್ಪಿದರು. ವಯಸ್ಸು 36ರಿಂದ 40ರ ಒಳಗಿದ್ದರೆ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ ಗುಣಕ 15. ವರ್ಷಕ್ಕೆ 2,16,000, ಅದಕ್ಕೆ 15 ಗುಣಿಸಿದರೆ 32,40,000. ಇದರಲ್ಲಿ 10% ಎಂದರೆ 3,24,000. ದುಡಿಮೆಯ ನಷ್ಟ 20% ಎಂದು ನ್ಯಾಯಮಂಡಳಿ ಒಪ್ಪಿದ್ದರಿಂದ ಅದು 6,48,000 ಆಯಿತು. ಮೊಣಕಾಲಿನ ಆ ಒಂದು ವಿವರಣೆಯ ಬೆಲೆ ಅಷ್ಟು. ಚಿಕಿತ್ಸೆ ಖರ್ಚು, ನೋವಿಗೆ, ಮಲಗಿದ್ದಾಗ ಹೋದ ದುಡಿಮೆಗೆ, ನೋಡಿಕೊಂಡವರಿಗೆ, ಓಡಾಟಕ್ಕೆ, ಮುಂದೆ ಪ್ಲೇಟ್ ತೆಗೆಸುವ ಆಪರೇಷನ್ನಿಗೆ ಬೇರೆ ಬೇರೆಯಾಗಿ ಕೊಟ್ಟರು. ಕೊನೆಯದಕ್ಕೆ ಡಾಕ್ಟರಿಂದ ಅಂದಾಜು ಖರ್ಚು ಬರೆಸಿಕೊಂಡಿರಬೇಕು, ಬಾಯಿಮಾತು ಸಾಲದು. ಅರ್ಜಿ ಹಾಕಿದ ದಿನದಿಂದ 6% ಬಡ್ಡಿ ಸೇರಿತು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹೋಗಲು 90 ದಿನ ಇರುತ್ತದೆ. ಕಂಪನಿಯವರು ಹೋಗಲಿಲ್ಲ, ನಾನೂ ಹೋಗಲಿಲ್ಲ. ಸ್ವಲ್ಪ ದುಡ್ಡನ್ನು ಕೋರ್ಟೇ ನನ್ನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿತು.

ಶಿರಸಿಯ ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿಂದ ಕಾರ್‌ಪೂಲ್‌ನಲ್ಲಿ ಬರುತ್ತಾಳೆ, ಬಿಳಿ ಬೋರ್ಡಿನ ಕಾರು. ಅದರ ಲೆಕ್ಕ ಬೇರೆ. ಕಾರಿಗೆ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಒಳಗೆ ಕೂತವರಿಗೆ ಅದು ಬರುವುದಿಲ್ಲ. ಪೂರ್ಣ ಪಾಲಿಸಿ ಇದ್ದರೂ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದರು ಅಂತ ಕಂಪನಿ ಹಿಂದೆ ಸರಿಯಲು ನೋಡುತ್ತದೆ. ಹತ್ತುವ ಮೊದಲು ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ಇನ್ಶೂರೆನ್ಸ್ ಜಾರಿಯಲ್ಲಿದೆಯಾ ನೋಡು, ಯಾವ ಪಾಲಿಸಿ ಅಂತ ಓನರನ್ನೇ ಕೇಳು, ನಂಬರ್ ಪ್ಲೇಟಿನ ಫೋಟೊ ಮನೆಗೆ ಕಳಿಸು ಅಂದಿದ್ದೇನೆ. ಈಗ ಪ್ರತಿ ಸಲ ಚಿಕ್ಕಮ್ಮನಿಗೂ ನನಗೂ ಕಳಿಸುತ್ತಾಳೆ.